ಮೀನುಗಾರರ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವುದು ಹೇಗೆ?

ದ್ವೀಪಕ್ಕೆ ಹೋಗುವುದು ಸುಲಭ. ವಾಪಸ್ ಬರುವುದರಲ್ಲೇ ಇರುವುದು ಕಷ್ಟ. ಬೆಳಿಗ್ಗೆ ಕಡಲು ತಣ್ಣಗೆ ಮಲಗಿರುತ್ತದೆ, ಮಾತಾಡುತ್ತಾ ಕೂತರೆ ದಾಟಿದ್ದೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಹೊರಡೋಣ ಅಂತ ಬಂದರೆ ಗಾಳಿ ಎದ್ದಿರುತ್ತದೆ. ಇಲ್ಲವೇ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತಿರುತ್ತದೆ. ಈ ಎರಡನೆಯದು ನನಗೇ ಆಗಿದೆ. ದೋಣಿಯವರು "ಹನ್ನೆರಡಕ್ಕೆ ಬನ್ನಿ" ಅಂದಿದ್ದರು. ನಾನು ಒಂದೂವರೆಗೆ ಬಂದೆ. ನೀರು ಮತ್ತೆ ಏರುವ ತನಕ ಕಾದು, ಹೊರಡುವಾಗ ಸಂಜೆಯಾಗಿತ್ತು. ಅವರು ಬೈಯಲಿಲ್ಲ, ಬಲೆ ಹೊಲಿಯುತ್ತಾ ಕೂತರು. ಬೈದಿದ್ದರೇ ಚೆನ್ನಾಗಿತ್ತು.

ಅಂದಿನಿಂದ ನನ್ನ ಲೆಕ್ಕ ತಿರುಗುಮುರುಗಾಗಿದೆ. ಮೊದಲು ವಾಪಸ್ ಬರುವ ಹೊತ್ತು ಗೊತ್ತು ಮಾಡಿಕೊಳ್ಳುತ್ತೇನೆ, ಆಮೇಲೆ ಹೊರಡುವ ಹೊತ್ತು. ಇಲ್ಲಿ ಬರೆದಿರುವುದೂ ಅದೇ ದಾರಿಯಲ್ಲಿದೆ.

1. ಮೊದಲು ಕೇಳಿ: ಹೋಗಬಹುದಾ, ಯಾವಾಗ ಹೋಗಬಹುದು?

ಕೆಲವು ದ್ವೀಪಗಳಿಗೆ ಸರ್ಕಾರದ ಅನುಮತಿ ಬೇಕು. ಕೆಲವು ಅರಣ್ಯ ಇಲಾಖೆಯ ಅಥವಾ ನೌಕಾಪಡೆಯ ಕೈಯಲ್ಲಿರುತ್ತವೆ. ಇನ್ನು ಕೆಲವಕ್ಕೆ ಹಕ್ಕಿಗಳೋ ಆಮೆಗಳೋ ಮೊಟ್ಟೆ ಇಡುವ ತಿಂಗಳುಗಳಲ್ಲಿ ಯಾರನ್ನೂ ಬಿಡುವುದಿಲ್ಲ. ಇದನ್ನು ಹತ್ತಿರದ ಬಂದರು ಕಚೇರಿಯಲ್ಲಿ ಕೇಳಿ. ಇಂಟರ್ನೆಟ್ಟಿನಲ್ಲಿ ಯಾರೋ "ಹೋಗಿ ಬಂದೆ, ಸೂಪರ್" ಅಂತ ಬರೆದಿದ್ದರೆ ಅದು ಅನುಮತಿ ಆಗುವುದಿಲ್ಲ.

ಕಾಗದದ ಅನುಮತಿಗಿಂತ ಊರಿನವರ ಒಪ್ಪಿಗೆ ಮುಖ್ಯ. ನೂರಿನ್ನೂರು ಜನ ಇರುವ ಜಾಗಕ್ಕೆ ಹೇಳದೆ ಕೇಳದೆ ಹತ್ತು ಜನ ಇಳಿದರೆ, ಅದು ಯಾರದೋ ಮನೆಯ ಹಿತ್ತಲಿಗೆ ನುಗ್ಗಿದ ಹಾಗೆ. ದ್ವೀಪಕ್ಕೆ ದಿನಾ ಹೋಗಿಬರುವ ದೋಣಿಯವರು, ಅಲ್ಲಿನ ಅಂಗಡಿಯವರು, ಶಾಲೆಯ ಮೇಷ್ಟ್ರು, ಹೀಗೆ ಯಾರಾದರೂ ಒಬ್ಬರ ಫೋನ್ ನಂಬರ್ ಸಿಕ್ಕೇ ಸಿಗುತ್ತದೆ. ಕರೆ ಮಾಡಿ ಮೂರು ವಿಷಯ ಕೇಳಿ. ಆ ದಿನ ಹಬ್ಬವೋ ಸಾವೋ ಮದುವೆಯೋ ಇದೆಯಾ? ದೋಣಿಗಳು ಮೀನು ತಂದು ದಡ ಸೇರುವುದು ಎಷ್ಟು ಹೊತ್ತಿಗೆ? ಈ ಕಡೆಯಿಂದ ಏನಾದರೂ ತರಬೇಕಾ?

ಮೂರನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಒಂದು ಔಷಧಿ, ಎಂಜಿನ್ನಿನ ಒಂದು ಸಣ್ಣ ಭಾಗ, ಒಂದು ಚೀಲ ತರಕಾರಿ. ದ್ವೀಪದವರಿಗೆ ಅದಕ್ಕಾಗಿ ಒಂದು ದಿನದ ಕೆಲಸ ಕೆಡುತ್ತದೆ. ನಿಮಗೆ ಅದು ಬ್ಯಾಗಿನ ಒಂದು ಮೂಲೆ ಅಷ್ಟೇ. ನೀವು ತಂದ ಸಾಮಾನನ್ನು ಇಸಿದುಕೊಳ್ಳಲು ಬಂದವರೇ ಊರು ತೋರಿಸುತ್ತಾರೆ.

2. ನೀರಿನ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 8ಕ್ಕೆ ನೀರು ತುಂಬಿದ್ದರೆ, ನಾಳೆ ತುಂಬುವುದು 8.50ರ ಹೊತ್ತಿಗೆ. ಹೋದ ವಾರದ ಸಮಯ ಈ ವಾರಕ್ಕೆ ನಡೆಯುವುದಿಲ್ಲ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ ಇರುವುದೂ ಉಂಟು. ಎತ್ತರದಲ್ಲೂ ಅಷ್ಟೇ ವ್ಯತ್ಯಾಸ. ಮೆಡಿಟರೇನಿಯನ್ ಸಮುದ್ರದ ಬಹುಪಾಲು ದಡಗಳಲ್ಲಿ ಏರಿಳಿತ ಕಣ್ಣಿಗೆ ಬೀಳುವುದೇ ಕಷ್ಟ, ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್ ತನಕ ಹೋಗುತ್ತದೆ. ನೀವು ಹೋಗುವ ಜಾಗದ ಉಬ್ಬರವಿಳಿತದ ಪಟ್ಟಿ ಬಂದರಿನಲ್ಲಿ ಸಿಗುತ್ತದೆ, ಮೊಬೈಲ್ ಆ್ಯಪ್‌ಗಳಲ್ಲೂ ಇರುತ್ತದೆ.

ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಅತಿ ಜಾಸ್ತಿ. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಅತಿ ಕಡಿಮೆ. ಮೊದಲ ಸಲ ಹೋಗುವವರಿಗೆ ಅಷ್ಟಮಿಯ ಆಸುಪಾಸು ಒಳ್ಳೆಯದು. ಸೆಳೆತ ಕಡಿಮೆ ಇರುತ್ತದೆ, ದೋಣಿ ನೆಲ ಕಚ್ಚುವ ಭಯವೂ ಕಡಿಮೆ.

ಇನ್ನೊಂದು ವಿಷಯ ತಿಳಿದಿರಲಿ. ನೀರು ಗಂಟೆಗೆ ಇಷ್ಟು ಅಂತ ಒಂದೇ ಸಮನೆ ಇಳಿಯುವುದಿಲ್ಲ. ದೋಣಿ ನಡೆಸುವವರು ಇದಕ್ಕೆ ಹನ್ನೆರಡು ಪಾಲಿನ ಲೆಕ್ಕ ಹಾಕುತ್ತಾರೆ. ಇಳಿಯುವ ಸುಮಾರು ಆರು ಗಂಟೆಯಲ್ಲಿ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕಕ್ಕೆ ತಲಾ 3, ಐದಕ್ಕೆ 2, ಕೊನೆಗೆ 1. ಏರಿಳಿತ 3 ಮೀಟರ್ ಇದೆ ಅಂತಿಟ್ಟುಕೊಳ್ಳಿ. ಮೊದಲ ಗಂಟೆ ಇಳಿಯುವುದು 25 ಸೆಂಟಿಮೀಟರ್ ಮಾತ್ರ. "ಇನ್ನೂ ಬೇಕಾದಷ್ಟು ನೀರಿದೆ, ಒಂದು ಟೀ ಕುಡಿಯೋಣ" ಅನ್ನಿಸುತ್ತದೆ. ಮೂರನೆಯ, ನಾಲ್ಕನೆಯ ಗಂಟೆಗಳಲ್ಲಿ ಒಂದೊಂದಕ್ಕೂ 75 ಸೆಂಟಿಮೀಟರ್ ಹೋಗಿಬಿಡುತ್ತದೆ. ನಾನು ಸಿಕ್ಕಿಬಿದ್ದಿದ್ದು ಸರಿಯಾಗಿ ಅಲ್ಲೇ. ಮೊದಲ ಗಂಟೆಯ ನೀರು ನೋಡಿ ಧೈರ್ಯ ತಂದುಕೊಂಡಿದ್ದೆ.

ಈ ಲೆಕ್ಕ ಅಂದಾಜಿನದು, ಎಲ್ಲ ಕಡೆ ನಿಖರವಾಗಿ ಕೂರುವುದಿಲ್ಲ. ಅಲ್ಲಿನ ದೋಣಿಯವರ ಮಾತು ಬೇರೆ, ನಿಮ್ಮ ಆ್ಯಪಿನ ಮಾತು ಬೇರೆ ಆದರೆ ದೋಣಿಯವರ ಮಾತನ್ನೇ ಕೇಳಿ. ಮರಳ ದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಅನ್ನುವುದು ಅವರಿಗೆ ಗೊತ್ತು, ಆ್ಯಪಿಗೆ ಗೊತ್ತಿಲ್ಲ.

3. ಗಾಳಿಯ ಲೆಕ್ಕ

ಬಿಸಿಲಿನ ದಿನ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಇದು ಸಾಮಾನ್ಯವಾಗಿ ಬೆಳಿಗ್ಗೆ ತಡವಾಗಿ ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ, ಸಂಜೆಗೆ ತಗ್ಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನಕ್ಕೆ ಮೊದಲೇ ಹೊರಡಿ ಅನ್ನುವ ಮಾತಿಗೆ ಇದೇ ಕಾರಣ.

ಹವಾಮಾನ ವರದಿಯಲ್ಲಿ ಗಾಳಿಯನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಗಾಳಿಯನ್ನು ಕಣ್ಣಳತೆಯಲ್ಲೇ ಅಳೆಯಲು ಒಂದು ಪಟ್ಟಿ ಮಾಡಿದ. ಅದು ಇವತ್ತಿಗೂ ಬಳಕೆಯಲ್ಲಿದೆ. ನಮಗೆ ಬೇಕಾಗಿದ್ದು ಇಷ್ಟೇ: ಅಲೆಗಳ ನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಅದು 3ನೆಯ ಮಟ್ಟ, 7ರಿಂದ 10 ನಾಟ್. ಬಿಳಿ ನೊರೆ ಮೇಲಿಂದ ಮೇಲೆ ಕಂಡರೆ 4, ಅಂದರೆ 11ರಿಂದ 16 ನಾಟ್. ಕಡಲ ತುಂಬಾ ಬಿಳಿ ಕುದುರೆಗಳು ಓಡುತ್ತಿರುವ ಹಾಗೆ ಕಂಡರೆ 5 ಅಥವಾ ಅದಕ್ಕಿಂತ ಮೇಲೆ. ತೆರೆದ ಸಣ್ಣ ದೋಣಿಯಲ್ಲಿ ಅಭ್ಯಾಸ ಇಲ್ಲದವರು 4 ಬಂದ ಮೇಲೆ ಹತ್ತಲೇಬಾರದು ಅನ್ನುವುದು ನನ್ನ ನಿಯಮ. ದೋಣಿಯವರು "ಏನಾಗಲ್ಲ ಬನ್ನಿ" ಅಂದರೂ ಅಷ್ಟೇ. ಅವರಿಗೆ ಏನೂ ಆಗುವುದಿಲ್ಲ, ನಿಮಗೆ ಆಗುತ್ತದೆ. ಆದರೆ ದೋಣಿಯವರೇ "ಬೇಡ" ಅಂದರೆ ವಾದ ಬೇಡ, ಇನ್ನಷ್ಟು ದುಡ್ಡು ಕೊಡುತ್ತೇನೆ ಅನ್ನುವುದಂತೂ ಬೇಡವೇ ಬೇಡ.

ವರದಿಯಲ್ಲಿ "ಅಲೆಯ ಎತ್ತರ 1 ಮೀಟರ್" ಅಂತಿದ್ದರೆ ಎಲ್ಲ ಅಲೆಯೂ ಅಷ್ಟೇ ಅಂತ ತಿಳಿಯಬೇಡಿ. ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲನ್ನು ಮಾತ್ರ ತೆಗೆದುಕೊಂಡು ಹಾಕಿದ ಸರಾಸರಿ ಅದು. ನಡುವೆ ಒಂದು ಅಲೆ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರ ಬರಬಹುದು.

ನೀರು ಮತ್ತು ಗಾಳಿ ಎದುರುಬದುರಾದಾಗಲೂ ಹುಷಾರು. ನದಿ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಇಳಿತದ ನೀರು ಕಡಲಿಗೆ ನುಗ್ಗುತ್ತಿರುತ್ತದೆ, ಮಧ್ಯಾಹ್ನದ ಗಾಳಿ ಕಡಲಿನಿಂದ ಬೀಸುತ್ತಿರುತ್ತದೆ. ಎರಡೂ ಡಿಕ್ಕಿ ಹೊಡೆದ ಜಾಗದಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಏಳುತ್ತವೆ. ಹೊರಗಿನ ಕಡಲು ಸುಮಾರಾಗಿದ್ದರೂ ಅಳಿವೆ ದಾಟುವುದೇ ಕಷ್ಟವಾಗುವುದು ಇದರಿಂದ.

ಈಗ ಎರಡೂ ಲೆಕ್ಕ ಕೂಡಿಸಿ. ವಾಪಸ್ ಹೊರಡುವಾಗ ದ್ವೀಪದ ಕಟ್ಟೆಯಲ್ಲಿ ನೀರಿರಬೇಕು, ಗಾಳಿ ಏಳುವ ಮೊದಲು ದಾಟಿರಬೇಕು, ಏನಾದರೂ ತಡವಾದರೂ ಸೂರ್ಯ ಮುಳುಗಲು ಎರಡು ಗಂಟೆ ಉಳಿದಿರಬೇಕು. ಕತ್ತಲಾದರೆ ಬಲೆಯ ಬೆಂಡುಗಳು ಕಾಣುವುದಿಲ್ಲ. ಈ ಮೂರೂ ಕೂಡಿಬರುವ ಹೊತ್ತೇ ನಿಮ್ಮ ವಾಪಸ್ ಹೊತ್ತು. ಅಲ್ಲಿಂದ ಹಿಂದೆ ಎಣಿಸಿ. ಕೂಡಿಬರಲೇ ಇಲ್ಲವೇ? ಬೇರೆ ದಿನ ನೋಡಿ.

4. ದೋಣಿ ಮತ್ತು ದೋಣಿಯವರು

ದಿನಾ ಹೋಗುವ ಸಾರ್ವಜನಿಕ ದೋಣಿ ಇದ್ದರೆ ಅದೇ ಒಳ್ಳೆಯದು. ಶಾಲೆಯ ಮಕ್ಕಳು, ಗ್ಯಾಸ್ ಸಿಲಿಂಡರ್, ಕೋಳಿ ಎಲ್ಲದರ ಜೊತೆ ಹೋಗುವಾಗಲೇ ಅರ್ಧ ಪರಿಚಯ ಆಗಿರುತ್ತದೆ. ಇಲ್ಲದಿದ್ದರೆ ದ್ವೀಪದವರದ್ದೇ ದೋಣಿ ಗೊತ್ತು ಮಾಡಿ. ಬಾಡಿಗೆ ಅವರಿಗೇ ಸೇರುತ್ತದೆ, ನೀವು ಯಾರ ಜೊತೆ ಬಂದವರು ಅನ್ನುವುದೂ ಊರಿಗೆ ಗೊತ್ತಾಗುತ್ತದೆ.

ಮಾತು ಮೊದಲೇ ಆಗಲಿ. ಬಾಡಿಗೆ ಒಬ್ಬರಿಗಾ, ಇಡೀ ದೋಣಿಗಾ? ಹೋಗಿಬರುವುದು ಸೇರಿದೆಯಾ? ಅಲ್ಲಿ ಕಾಯುತ್ತಾರಾ, ಬಿಟ್ಟು ಹೋಗಿ ಮತ್ತೆ ಬರುತ್ತಾರಾ? ಬಿಟ್ಟು ಹೋಗುವುದಾದರೆ ಪೂರ್ತಿ ದುಡ್ಡು ವಾಪಸ್ ಬಂದ ಮೇಲೆ ಕೊಡಿ. ಮೀನು ಸಿಗುವ ದಿನಗಳಲ್ಲಿ ಒಂದು ದೋಣಿ ನಿಮಗಾಗಿ ನಿಂತಿತು ಅಂದರೆ ಅವರ ಒಂದು ದಿನದ ದುಡಿಮೆ ನಿಂತ ಹಾಗೆ. ಚೌಕಾಸಿ ಮಾಡುವಾಗ ಅದು ನೆನಪಿರಲಿ.

ಹತ್ತುವ ಮೊದಲು ಕಣ್ಣು ಹಾಯಿಸಿ. ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ? ಹುಟ್ಟು, ಲಂಗರು, ಹಗ್ಗ, ನೀರು ಎತ್ತಿ ಹಾಕಲು ಡಬ್ಬ ಇದೆಯಾ? ಡೀಸೆಲ್ಲೋ ಪೆಟ್ರೋಲೋ ಎಷ್ಟಿದೆ? ಹಳಬರ ಲೆಕ್ಕ ಹೀಗೆ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಕೈಯಲ್ಲಿ. ಜನ ಜಾಸ್ತಿಯಾಗಿ ದೋಣಿಯ ಅಂಚು ನೀರಿಗೆ ಹತ್ತಿರ ಬಂದಿದ್ದರೆ ಇಳಿದುಬಿಡಿ. ಯಾರು ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ.

ಲೈಫ್ ಜಾಕೆಟ್ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ, ಅದು ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವುದರ ಅಳತೆ. 50 ನ್ಯೂಟನ್ ಅಂತಿದ್ದರೆ ಅದು ಈಜು ಬರುವವರಿಗೆ, ದಡದ ಹತ್ತಿರಕ್ಕೆ. 100, 150 ಇರುವವು ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯಲು ಮಾಡಿದವು. ತೆರೆದ ಕಡಲು ದಾಟುವುದಿದ್ದರೆ 150 ಇರಲಿ. ಮಕ್ಕಳಿಗೆ ದೊಡ್ಡವರದ್ದು ಹಾಕಿದರೆ ಪ್ರಯೋಜನವಿಲ್ಲ. ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯ ತನಕ ಬಂದರೆ ಅದು ಆ ಮಗುವಿನದಲ್ಲ.

5. ಬ್ಯಾಗಿನಲ್ಲಿ

ಕುಡಿಯುವ ನೀರು ಬೇಕಾಗುವುದಕ್ಕಿಂತ ಜಾಸ್ತಿ, ಟೋಪಿ, ಬೆಚ್ಚನೆಯ ಒಂದು ಬಟ್ಟೆ, ಸೀಟಿ, ಟಾರ್ಚ್, ಚಿಲ್ಲರೆ ನೋಟುಗಳು. ದಿನಾ ಮಾತ್ರೆ ತೆಗೆದುಕೊಳ್ಳುವವರು ಎರಡು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ. ಕಸ ವಾಪಸ್ ತರಲು ಒಂದು ಖಾಲಿ ಚೀಲ. ಕಾಲಿಗೆ ಒದ್ದೆಯಾದರೂ ಪರವಾಗಿಲ್ಲ ಅನ್ನುವಂಥ, ಜಾರದ ಚಪ್ಪಲಿ.

ಒಂದು ಕೆಲಸ ಮನೆಯಲ್ಲೇ ಮಾಡಿ. ಚಪ್ಪಲಿಯ ಅಡಿ ತೊಳೆಯಿರಿ, ಚೀಲ ಕೊಡವಿ. ಒಂದು ಕಳೆಯ ಬೀಜ, ಒಂದು ಇರುವೆ ಗೂಡು, ಚೀಲದೊಳಗೆ ಹೊಕ್ಕ ಒಂದು ಇಲಿ ಸಣ್ಣ ದ್ವೀಪವನ್ನು ಹಾಳು ಮಾಡಬಲ್ಲದು. ನೆಲದಲ್ಲೇ ಗೂಡು ಕಟ್ಟುವ ಎಷ್ಟೋ ಕಡಲ ಹಕ್ಕಿಗಳು ದೋಣಿ ಹತ್ತಿ ಬಂದ ಇಲಿಗಳಿಂದಲೇ ಅಳಿದಿವೆ.

ಇನ್ನು, ದಡದಲ್ಲಿ ಉಳಿಯುವ ಒಬ್ಬರಿಗೆ ಚೀಟಿ ಬರೆದುಕೊಡಿ ಅಥವಾ ಮೆಸೇಜ್ ಹಾಕಿ: ಯಾವ ದೋಣಿ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಹೊತ್ತಾದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು.

6. ಹತ್ತುವುದು, ದಾಟುವುದು

ಕೈ ಖಾಲಿ ಇರಲಿ. ಬ್ಯಾಗನ್ನು ಮೊದಲು ದಾಟಿಸಿ, ಆಮೇಲೆ ನೀವು. ಹಾರಬೇಡಿ. ದೋಣಿ ಅಲೆಯ ಮೇಲೆ ಬಂದಾಗ ಹೆಜ್ಜೆ ಇಡಿ, ಅಂಚಿನ ಮೇಲಲ್ಲ, ನಡುವಿಗೆ, ಕೂಡಲೇ ಕೂತುಬಿಡಿ. ದೋಣಿಗೂ ಜೆಟ್ಟಿಗೂ ನಡುವೆ ಕೈಯನ್ನೋ ಕಾಲನ್ನೋ ಎಂದಿಗೂ ತೂರಿಸಬೇಡಿ. ಸಣ್ಣ ದೋಣಿಯೇ ಆದರೂ ಅದರ ತೂಕಕ್ಕೆ ಬೆರಳು ಉಳಿಯುವುದಿಲ್ಲ. ಹೇಳಿದ ಜಾಗದಲ್ಲಿ ಕೂರಿ. ಡಾಲ್ಫಿನ್ ಕಂಡಿತು ಅಂತ ಎಲ್ಲರೂ ಒಂದೇ ಪಕ್ಕಕ್ಕೆ ಎದ್ದು ನಿಲ್ಲುವುದು ಎಷ್ಟೋ ದೋಣಿ ಮಗುಚಿದ ಕಥೆಯ ಮೊದಲ ಸಾಲು.

ವಾಂತಿ ಬರುವುದಕ್ಕೆ ಕಾರಣ ಹೊಟ್ಟೆ ಅಲ್ಲ. ಒಳಕಿವಿ "ಅಲ್ಲಾಡುತ್ತಿದ್ದೇವೆ" ಅನ್ನುತ್ತದೆ, ದೋಣಿಯ ಒಳಗೆ ನೋಡುತ್ತಿರುವ ಕಣ್ಣು "ಇಲ್ಲ, ಸುಮ್ನೆ ಕೂತಿದ್ದೇವೆ" ಅನ್ನುತ್ತದೆ. ಈ ಜಗಳಕ್ಕೆ ಮೆದುಳು ಕಂಗಾಲಾಗುತ್ತದೆ. ಹಾಗಾಗಿ ಫೋನ್ ಒಳಗಿಡಿ. ದೂರದಲ್ಲಿ ಆಕಾಶ ಮತ್ತು ಕಡಲು ಸೇರುವ ಗೆರೆ ನೋಡಿ. ಮೂತಿಯ ಹತ್ತಿರ ಕುಲುಕಾಟ ಜಾಸ್ತಿ, ನಡುಭಾಗದಲ್ಲಿ ಕಡಿಮೆ. ಎಂಜಿನ್ ಹೊಗೆಯಿಂದ ದೂರ ಕೂರಿ. ಮಾತ್ರೆ ಬೇಕು ಅನ್ನುವವರು ಡಾಕ್ಟರನ್ನು ಕೇಳಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ಉಳಿಯುವುದೇ ಅನುಮಾನ. ಕೊನೆಗೂ ಬಂದೇ ಬಂತಾ? ಗಾಳಿ ಹೋಗುವ ದಿಕ್ಕಿಗೆ ಮುಖ ಮಾಡಿ. ಎದುರು ಗಾಳಿಗೆ ಮಾಡಿದರೆ ದೋಣಿಯವರೆಲ್ಲ ನಿಮ್ಮನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಸ್ವಂತ ದೋಣಿ ನಡೆಸಿಕೊಂಡು ಹೋಗುವವರಿಗೆ ಎರಡು ಮಾತು. ನೀರಿನ ಮೇಲೆ ಸಾಲಾಗಿ ಬೆಂಡುಗಳು ಕಂಡರೆ ಕೆಳಗೆ ಬಲೆ ಇದೆ ಅಂತ ಅರ್ಥ. ಎರಡು ಬೆಂಡುಗಳ ನಡುವೆ ನುಗ್ಗದೆ ಸಾಲಿನ ತುದಿ ಸುತ್ತಿ ಹೋಗಿ. ನೀರಿನಡಿ ತಿರುಗುವ ಎಂಜಿನ್ನಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ನಿಮ್ಮ ಎಂಜಿನ್ ನಿಲ್ಲುತ್ತದೆ, ಯಾರದೋ ಬಲೆಯೂ ಹರಿಯುತ್ತದೆ. ದ್ವೀಪ ಹತ್ತಿರವಾದಾಗ ವೇಗ ಇಳಿಸಿ, ನಿಮ್ಮ ಹಿಂದೇಳುವ ಅಲೆಗೆ ಕಟ್ಟಿಹಾಕಿದ ದೋಣಿಗಳು ಒಂದಕ್ಕೊಂದು ಬಡಿಯುತ್ತವೆ. ಖಾಲಿ ಜಾಗ ಕಂಡಿತು ಅಂತ ಕಟ್ಟಬೇಡಿ, ಅದು ಕಡಲಿಗೆ ಹೋದ ಯಾರದೋ ಜಾಗ. ಕೇಳಿ ಕಟ್ಟಿ. ಹಗ್ಗ ತೀರಾ ಬಿಗಿಯಾಗಿ ಕಟ್ಟಿದರೆ ನೀರು ಇಳಿದಾಗ ದೋಣಿ ಜೋತಾಡುತ್ತದೆ.

ನಡುಗಡಲಿನಲ್ಲಿ ಎಂಜಿನ್ ಕೆಟ್ಟರೆ ಮೊದಲು ಲಂಗರು ಹಾಕಬೇಕು, ಇಲ್ಲದಿದ್ದರೆ ಸೆಳೆತ ಎಳೆದುಕೊಂಡು ಹೋಗುತ್ತದೆ. ಕಡಲಲ್ಲಿ ಮಾತಾಡಲು ಬಳಸುವ ವಿ.ಎಚ್.ಎಫ್. ರೇಡಿಯೋ ಇದ್ದರೆ 16ನೆಯ ಚಾನೆಲ್ ಎಲ್ಲ ದೇಶದಲ್ಲೂ ಅಪಾಯದ ಕರೆಗೆ ಮೀಸಲು. ಜೀವಕ್ಕೇ ಕುತ್ತು ಅನ್ನುವಾಗ ಮಾತ್ರ "ಮೇಡೇ" ಅಂತ ಮೂರು ಸಲ ಹೇಳಿ, ದೋಣಿಯ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ ಅಂತ ತಿಳಿಸಬೇಕು. ದೋಣಿ ಮಗುಚಿದರೂ ಅದನ್ನು ಬಿಟ್ಟು ಈಜಲು ಹೋಗಬೇಡಿ. ದಡ ಕಂಡಷ್ಟು ಹತ್ತಿರ ಇರುವುದಿಲ್ಲ. ಹುಡುಕುವವರಿಗೆ ಒಂದು ತಲೆಗಿಂತ ಒಂದು ದೋಣಿ ಬೇಗ ಕಾಣುತ್ತದೆ. ನೀರು ತುಂಬಾ ತಣ್ಣಗಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿ ತಪ್ಪುತ್ತದೆ. ಆ ನಿಮಿಷ ಸುಮ್ಮನೆ ತೇಲುತ್ತಾ ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಆಮೇಲೆ ಕೈಕಾಲು ಹೇಳಿದ ಹಾಗೆ ಕೇಳುವುದು ಸುಮಾರು ಹತ್ತು ನಿಮಿಷ, ಅಷ್ಟರಲ್ಲಿ ದೋಣಿಯ ಮೇಲೆ ಹತ್ತಲು ನೋಡಿ.

7. ಇಳಿಯುವುದು

ಜೆಟ್ಟಿ ಇದ್ದರೆ ಸರಿ. ಮರಳ ದಡಕ್ಕೆ ಇಳಿಯುವುದಾದರೆ ದೋಣಿಯವರು ಹೇಳುವ ತನಕ ಏಳಬೇಡಿ. ಅವರು ಅಲೆ ಎಣಿಸುತ್ತಿರುತ್ತಾರೆ. ಇಳಿದ ಮೇಲೆ ದೋಣಿಗೂ ದಡಕ್ಕೂ ನಡುವೆ ನಿಲ್ಲದೆ ಪಕ್ಕಕ್ಕೆ ಸರಿಯಿರಿ. ಹಿಂದಿನಿಂದ ಬಂದ ಅಲೆ ದೋಣಿಯನ್ನು ಎತ್ತಿ ನಿಮ್ಮ ಮೊಣಕಾಲಿಗೆ ಬಡಿಯುತ್ತದೆ. ದೋಣಿ ಎಳೆಯಲು ಕೈ ಜೋಡಿಸಿ ಅಂದರೆ ಜೋಡಿಸಿ, ಅದಕ್ಕಿಂತ ಒಳ್ಳೆಯ ಪರಿಚಯ ಇಲ್ಲ.

8. ದಡ ಅವರ ಕೆಲಸದ ಜಾಗ

ಬಂದವರಿಗೆ ಅದು ಬೀಚ್. ಅಲ್ಲಿರುವವರಿಗೆ ಅದು ಕಣ, ಅಂಗಡಿ, ವರ್ಕ್‌ಶಾಪ್ ಎಲ್ಲ. ಮರಳ ಮೇಲೆ ಹರಡಿರುವುದು ಒಣಗುತ್ತಿರುವ ಮೀನು. ಬಿಸಾಡಿದ ಹಾಗೆ ಕಾಣುವ ಹಗ್ಗ ನಾಳೆಗೆ ಬೇಕಾಗಿದ್ದು. ಮೆತ್ತಗಿನ ರಾಶಿ ಕಂಡಿತು ಅಂತ ನಾನು ಒಮ್ಮೆ ಬಲೆಯ ಮೇಲೆ ಕೂತೆ. ಅದನ್ನು ಕಡಲಿಗೆ ಸಲೀಸಾಗಿ ಬಿಡಲು ಸುರುಳಿ ಸುರುಳಿಯಾಗಿ ಜೋಡಿಸಿಟ್ಟಿದ್ದರಂತೆ. ಒಬ್ಬ ಅಜ್ಜಿ ಮಾತಿಲ್ಲದೆ ಒಂದು ಮಣೆ ತಂದು ಪಕ್ಕಕ್ಕಿಟ್ಟರು. ಬಲೆಯನ್ನು ತುಳಿಯಬೇಡಿ, ದಾಟಬೇಡಿ, ಕೊಕ್ಕೆ ಪೋಣಿಸಿದ ಬುಟ್ಟಿ ಮುಟ್ಟಬೇಡಿ. ದೋಣಿ ಹತ್ತುವಾಗ ಚಪ್ಪಲಿ ಬಿಡಬೇಕಾ, ಯಾವ ಕಡೆಯಿಂದ ಹತ್ತಬೇಕು, ಹೆಂಗಸರು ಹತ್ತಬಹುದಾ ಅನ್ನುವುದಕ್ಕೆ ಒಂದೊಂದು ಊರಿನದು ಒಂದೊಂದು ಪದ್ಧತಿ. ಸರಿ ತಪ್ಪು ಚರ್ಚೆಗೆ ಅದು ಜಾಗವಲ್ಲ, ಕೇಳಿ ನಡೆಯಿರಿ.

ದೋಣಿಗಳು ಮೀನು ತಂದ ಗಂಟೆ ನೋಡಲು ಬಹಳ ಚೆಂದ. ಮಾತಾಡಿಸಲು ಅದರಷ್ಟು ಕೆಟ್ಟ ಹೊತ್ತು ಬೇರೆ ಇಲ್ಲ. ಬಿಸಿಲಲ್ಲಿ ಕಳೆದ ಒಂದೊಂದು ನಿಮಿಷವೂ ಮೀನಿನ ಬೆಲೆ ಇಳಿಸುತ್ತದೆ. ಹತ್ತು ಹೆಜ್ಜೆ ದೂರ, ಬುಟ್ಟಿ ಹೊತ್ತವರ ದಾರಿ ಬಿಟ್ಟು ನಿಂತು ನೋಡಿ. ಮೀನು ವಿಂಗಡಿಸಿ, ಲೆಕ್ಕ ಮುಗಿದು, ಯಾರೋ ಒಬ್ಬರು ನೆರಳಿಗೆ ಬಂದು ಕೂತರು ಅಂದರೆ ಆಗ ಮಾತಿಗೆ ಹೊತ್ತು. ಮಧ್ಯಾಹ್ನ ಮನೆಗಳ ಹತ್ತಿರ ಗಲಾಟೆ ಬೇಡ. ರಾತ್ರಿಯೆಲ್ಲ ಕಡಲಲ್ಲಿದ್ದವರು ಮಲಗಿರುತ್ತಾರೆ.

ಮಾತಾಡಿಸುವಾಗ ಕಡಲಿಗೆ ಹೋಗುವ ಗಂಡಸರನ್ನಷ್ಟೇ ಸುತ್ತುವರಿಯಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಾಲುಗೊಂಡು 2023ರಲ್ಲಿ ಹೊರತಂದ ಅಧ್ಯಯನ ಒಂದಿದೆ. ಅದರ ಪ್ರಕಾರ ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಕನಿಷ್ಠ 40 ಪ್ರತಿಶತ ಇಂಥ ಸಣ್ಣ ಮೀನುಗಾರರದ್ದು, ಆ ಕಸುಬಿನಲ್ಲಿರುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ಒಣಗಿಸುವುದು, ಮಾರುವುದು, ಸಾಲದ ಲೆಕ್ಕ ಇಡುವುದು ಬಹಳ ಕಡೆ ಅವರ ಕೈಯಲ್ಲೇ. ದ್ವೀಪ ಹೇಗೆ ನಡೆಯುತ್ತಿದೆ ಅಂತ ತಿಳಿಯಬೇಕಾದರೆ ಒಣಮೀನು ತಿರುವಿ ಹಾಕುವವರ ಪಕ್ಕ ಕೂತುಕೊಳ್ಳಿ.

ಫೋಟೋಗೆ ಮೊದಲು ಕೇಳಿ. ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಿ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಕಾನೂನಿನ ಅನುಮತಿ ಮತ್ತು ಊರಿನ ಒಪ್ಪಿಗೆ ಎರಡೂ ಬೇಕು. ಇನ್ನೊಂದು ಯಾರೂ ಹೇಳದ ವಿಷಯ: ಅವರ ಜೊತೆ ಮೀನು ಹಿಡಿಯಲು ಹೋದರೆ ಆ ಜಾಗದ ಲೊಕೇಶನ್ ಹಾಕಿ ಫೋಟೋ ಹಂಚಬೇಡಿ. ಮೀನು ಸಿಗುವ ಬಂಡೆ ಎಲ್ಲಿದೆ ಅನ್ನುವುದು ತಂದೆಯಿಂದ ಮಗನಿಗೆ ಬಂದ ಗುಟ್ಟಾಗಿರಬಹುದು. ನಿಮ್ಮ ಒಂದು ಫೋಟೋದಿಂದ ಅದು ಊರಿಗೆಲ್ಲ ಗೊತ್ತಾಗುತ್ತದೆ.

ನೀರು. ಸಣ್ಣ, ತಗ್ಗಾದ ದ್ವೀಪದ ಬಾವಿಯಲ್ಲಿರುವ ಸಿಹಿನೀರು ಮಳೆಯದ್ದು. ಉಪ್ಪುನೀರಿಗಿಂತ ಹಗುರ ಆಗಿರುವುದರಿಂದ ಅದು ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಕೇಳಲು ಸಮೃದ್ಧಿ, ಅಲ್ವಾ? ಅದನ್ನೇ ತಿರುಗಿಸಿ ನೋಡಿ. ಮೇಲೆ 1 ಮೀಟರ್ ಸೇದಿ ಖಾಲಿ ಮಾಡಿದರೆ ಕೆಳಗಿನಿಂದ ಉಪ್ಪುನೀರು ಅದರ 40 ಪಟ್ಟು ಮೇಲೇರಲು ಹೊರಡುತ್ತದೆ. ಒಮ್ಮೆ ಬಾವಿ ಉಪ್ಪಾದರೆ ಮತ್ತೆ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು. ಕಡಲಲ್ಲಿ ಮಿಂದು ಬಂದು ಅವರ ಬಾವಿಯಿಂದ ನಾಲ್ಕು ಕೊಡ ಸುರಿದುಕೊಳ್ಳುವ ಮೊದಲು ಇದು ನೆನಪಾಗಲಿ.

ಅಂಗಡಿಯಲ್ಲೂ ಹಾಗೇ. ವ್ಯಾಪಾರ ಮಾಡಿ, ಆದರೆ ಇರುವ ಬ್ರೆಡ್ಡು ಬಿಸ್ಕತ್ತನ್ನೆಲ್ಲ ಒಬ್ಬರೇ ಕೊಂಡುಬಿಡಬೇಡಿ. ಮುಂದಿನ ಸರಕಿನ ದೋಣಿ ಬರುವ ತನಕ ಊರಿಗೆ ಅಷ್ಟೇ ಇರುವುದು. ಮಕ್ಕಳಿಗೆ ಚಾಕಲೇಟು, ದುಡ್ಡು ಹಂಚಬೇಡಿ. ಪ್ಲಾಸ್ಟಿಕ್ ಒಂದು ಚೂರೂ ಬಿಡದೆ ವಾಪಸ್ ತನ್ನಿ, ದ್ವೀಪದಲ್ಲಿ ಕಸ ಹೋಗಲು ಬೇರೆ ಜಾಗವೇ ಇರುವುದಿಲ್ಲ.

9. ಮೀನು ಕೊಳ್ಳುವಾಗ, ತಿನ್ನುವಾಗ

ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಮಾಂಸ ವಾಪಸ್ ಮೇಲೇಳಬೇಕು. ಇದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಎರಡು ಅಪಾಯ ಬೇರೆ ಇವೆ.

ಬಂಗುಡೆ, ಭೂತಾಯಿ, ಟ್ಯೂನಾ ಜಾತಿಯ ಮೀನುಗಳನ್ನು ಹಿಡಿದ ಕೂಡಲೇ ಐಸಿನಲ್ಲಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಅನ್ನುವ ವಸ್ತು ತುಂಬುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. ಐಸ್ ಪೆಟ್ಟಿಗೆ ಇಲ್ಲದೆ ಇಂಥ ಮೀನು ಕೊಂಡು ವಾಪಸ್ ದೋಣಿಯ ಬಿಸಿಲಲ್ಲಿ ತರಬೇಡಿ. ಇನ್ನೊಂದು, ಬಿಸಿ ಸಮುದ್ರಗಳ ಹವಳದ ದಿಬ್ಬಗಳದ್ದು. ಅಲ್ಲಿನ ಸೂಕ್ಷ್ಮ ಪಾಚಿಯೊಂದರ ವಿಷ ಸಣ್ಣ ಮೀನಿನಿಂದ ದೊಡ್ಡದಕ್ಕೆ ದಾಟುತ್ತಾ ಬ್ಯಾರಕುಡಾ, ಹಾವುಮೀನು, ದೊಡ್ಡ ಗ್ರೂಪರ್‌ಗಳ ಮೈಯಲ್ಲಿ ಕೂಡುತ್ತದೆ. ಇದಕ್ಕೆ ಸಿಗುವಾಟೆರಾ ಅನ್ನುತ್ತಾರೆ. ಬೇಯಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ವಾಸನೆಯಲ್ಲೂ ತಿಳಿಯುವುದಿಲ್ಲ. ತುಟಿ ಜೋಮು ಹಿಡಿಯುತ್ತದೆ, ತಣ್ಣನೆಯದ್ದು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. "ಆ ಕಡೆಯ ಬಂಡೆಯ ದೊಡ್ಡ ಮೀನು ನಾವು ತಿನ್ನಲ್ಲ" ಅಂತ ದ್ವೀಪದವರು ಹೇಳಿದರೆ ಮೂಢನಂಬಿಕೆ ಅಂತ ನಗಬೇಡಿ.

10. ಅಲ್ಲೇ ಉಳಿದುಕೊಳ್ಳುವುದಾದರೆ

ಒಂದು ರಾತ್ರಿಗೆ ಅಂತ ಹೋಗಿ ಮೂರು ರಾತ್ರಿ ಆಗಬಹುದು. ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ, ಎರಡು ದಿನದ ಹೆಚ್ಚಿನ ಮಾತ್ರೆ ಅಂದಿದ್ದು ಇದಕ್ಕೇ. ಮರುದಿನ ತಪ್ಪಿಸಲಾಗದ ಕೆಲಸ, ರೈಲು, ವಿಮಾನ ಇಟ್ಟುಕೊಂಡು ದ್ವೀಪದಲ್ಲಿ ಮಲಗಲು ಹೋಗಬೇಡಿ. ಊಟ, ಮಲಗಲು ಜಾಗ ಕೊಟ್ಟವರು ದುಡ್ಡು ಬೇಡ ಅನ್ನಬಹುದು. ಎಷ್ಟು ಕೊಡುವುದು ಸರಿ ಅಂತ ದೋಣಿಯವರನ್ನು ಮೊದಲೇ ಕೇಳಿಟ್ಟುಕೊಂಡು, ಹೊರಡುವಾಗ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಿ. ನನ್ನ ಅನುಭವದಲ್ಲಿ ಅದು ಸರಿಯಾದ ಕೈ.

11. ವಾಪಸ್

ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಕಟ್ಟೆಯಲ್ಲಿರಿ. ನೀರು ಯಾರಿಗೂ ಕಾಯುವುದಿಲ್ಲ, ದೋಣಿಯವರು ಮರ್ಯಾದೆಗೆ ಕಾದು ತಾವೂ ಸಿಕ್ಕಿಬೀಳುತ್ತಾರೆ. ಚಿಪ್ಪು, ಹವಳದ ತುಂಡು ಹೆಕ್ಕಿಕೊಂಡಿದ್ದರೆ ಅಲ್ಲೇ ಹಾಕಿ, ಎಷ್ಟೋ ಕಡೆ ಅದು ಕಾನೂನಿಗೂ ವಿರುದ್ಧ. ಬರುವಾಗ ಎಷ್ಟು ಜನ ಇದ್ದಿರೋ ಅಷ್ಟೇ ಜನ ಹತ್ತಿದ್ದೀರಾ ಅಂತ ಎಣಿಸಿ. ಲೈಫ್ ಜಾಕೆಟ್ ಮತ್ತೆ ಹಾಕಿ. ಬರುವಾಗ ಎಲ್ಲರೂ ಹಾಕಿರುತ್ತಾರೆ, ವಾಪಸ್ ಹೋಗುವಾಗ ಅದು ತಲೆದಿಂಬಾಗಿರುತ್ತದೆ. ಗಾಳಿ ಜಾಸ್ತಿ ಇರುವುದು ಆಗಲೇ.

ದಡ ಮುಟ್ಟಿ ಬಾಡಿಗೆ ಕೊಟ್ಟ ಕೂಡಲೇ, ಚಹಾಕ್ಕೂ ಮೊದಲು, ಬೆಳಿಗ್ಗೆ ಚೀಟಿ ಕೊಟ್ಟವರಿಗೆ ಫೋನ್ ಮಾಡಿ "ಬಂದೆವು" ಅನ್ನಿ. ಮರೆತರೆ ಅವರು ಬಂದರಿಗೆ ಫೋನ್ ಮಾಡುತ್ತಾರೆ, ಬಂದರಿನವರು ದ್ವೀಪಕ್ಕೆ ಮಾಡುತ್ತಾರೆ. ಆಗ ನಿಮ್ಮನ್ನು ಹುಡುಕಲು ಕತ್ತಲಲ್ಲಿ ದೋಣಿ ಬಿಚ್ಚುವವರು ಬೆಳಿಗ್ಗೆ ನಿಮಗೆ ಮಣೆ ಹಾಕಿದ ಮನೆಯವರೇ.